ಕಿವಿಗೂ ಕೇಳಬೇಕಾದ ಅಕ್ಷರ

ದಾವಣಗೆರೆ ನಗರವು ಬೆಳೆಬೆಳೆದು ತನ್ನೊಳಗೆ ಸೇರಿಸಿಕೊಂಡ ಹಳ್ಳಿಗಳಲ್ಲಿ ನಮ್ಮ ಆನೆಕೊಂಡವೂ ಒಂದು. ಅಲ್ಲಿ ಹಳೆಯದೊಂದು ಈಶ್ವರ ದೇವಾಲಯವಿದೆ. ಶ್ರಾವಣದಲ್ಲಿ ಬಸವೇಶ್ವರನ ಕಾರ್ಣಿಕ ನಡೆಯುತ್ತದೆ. ಕಾರ್ಣಿಕದ ದಿನ ನೆರೆದ ಜನರೆಲ್ಲ ಒಂದೇ ಒಂದು ನುಡಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ನುಡಿಯನ್ನು ಅಲ್ಲಿ ಯಾರೂ ಓದುವುದಿಲ್ಲ, ಎಲ್ಲರೂ ಕೇಳುತ್ತಾರೆ. ಕೇಳಿ, ಮಳೆಬೆಳೆಗೆ ಅದರ ಅರ್ಥವನ್ನು ಹೊಂದಿಸುತ್ತ ಮನೆಗೆ ಹೋಗುತ್ತಾರೆ. ಗಣಕಯಂತ್ರದ ಮಾತಾಡಲು ಹೊರಟವನು ಕಾರ್ಣಿಕದಿಂದ ಏಕೆ ಆರಂಭಿಸಿದನೆಂದು ತಾವು ಕೇಳಬಹುದು. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ.

ದೊಡ್ಡಪ್ಪನಿಗೆ ಹೊಲವಿತ್ತು, ಅಕ್ಷರವಿರಲಿಲ್ಲ. 2002ರ ಹೊತ್ತಿಗೆ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕವನ್ನು ಸೇರಿದವು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರತೊಡಗಿತು. ಯೋಜನೆಯನ್ನು ರೂಪಿಸಿದವರು ಒಂದು ಸೂಕ್ಷ್ಮವನ್ನು ಮರೆತಿರಲಿಲ್ಲ. ನೌಕರನ ಮುಂದೆ ಒಂದು ಪರದೆಯಾದರೆ, ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ತನ್ನ ದಾಖಲೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ಆತ ಕಣ್ಣಾರೆ ನೋಡಲಿ ಎಂಬ ಉದ್ದೇಶ ಅದರಲ್ಲಿತ್ತು. ದೊಡ್ಡಪ್ಪ ಆ ಪರದೆಯನ್ನು ಬಹಳ ಹೊತ್ತು ನೋಡಿದ. ಹೊರಗೆ ಬಂದ ಮೇಲೆ ನನಗೆ ಹೇಳಿದ: “ತಮ್ಮಾ, ಪೆಟ್ಟಿಗಿ ಮಕ ನನ್ ಕಡಿಗೆ ತಿರುಗ್ಸ್ಯಾರೆ, ಖರೆ. ಆದ್ರೆ ಅದು ನನ್ ಕೂಡ ಮಾತಾಡ್ಲಿಲ್ಲ ನೋಡು.”

ಅಂದು ನಾನು ನಕ್ಕೆ. ಆಮೇಲೆ ಯೋಚಿಸಿದಾಗ, ನಗಬೇಕಾದದ್ದು ನನ್ನ ಓದಿನ ಅಹಂಕಾರವನ್ನು ಕಂಡು ಎಂದು ತೋರಿತು.

ಭೂಮಿಯ ದಾಖಲೆ ನಮ್ಮ ನಾಡಿಗೆ ಹೊಸದಲ್ಲ. ನೆರೆಯ ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಅಂಥ ದೇವಾಲಯಗಳ ಅಂಗಳದಲ್ಲಿ ನಿಂತ ದಾನಶಾಸನಗಳನ್ನು ನೋಡಿ. ಕೆಳಗೆ ಸಾಲುಸಾಲಾಗಿ ಅಕ್ಷರ, ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರಿರುವವರೆಗೆ ಈ ದಾನ ನಿಲ್ಲತಕ್ಕದ್ದು ಎಂಬ ತಾತ್ಪರ್ಯವು ಓದು ಬಾರದ ಒಕ್ಕಲಿಗನಿಗೂ ಎಟುಕುವಂತೆ ಕೊರೆದ ಚಿತ್ರಗಳಿವು. ಮೇಲಾಗಿ ದಾನಕ್ಕೆ ಸಾಕ್ಷಿಗಳಿರುತ್ತಿದ್ದರು, ಸುದ್ದಿಯನ್ನು ಸಾರಲು ಡಂಗುರವಿತ್ತು. ದಾಖಲೆಯೆಂಬ ಮನೆಗೆ ಅಕ್ಷರವೊಂದೇ ಬಾಗಿಲಾಗಿರಲಿಲ್ಲ. ಚಿತ್ರವೊಂದು ಬಾಗಿಲು, ಧ್ವನಿಯೊಂದು ಬಾಗಿಲು.

ಗಣಕಯಂತ್ರವಾದರೋ ಒಂದೇ ಬಾಗಿಲಿನೊಂದಿಗೆ ನಮ್ಮಲ್ಲಿಗೆ ಬಂದಿತು. ಆ ಬಾಗಿಲೂ ಇಂಗ್ಲಿಷಿನ ಕೀಲಿಮಣೆ. ಅದಕ್ಕೂ ಮೊದಲು ಬಂದಿದ್ದ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ಆಕಾರದ ತುಂಡುಗಳಾಗಿ ಒಡೆದು ಜೋಡಿಸಬೇಕಾಗಿತ್ತು; ಬೆರಳು ಕಣ್ಣಿನ ಲೆಕ್ಕವನ್ನು ಹಿಡಿಯಬೇಕಿತ್ತು. ಇದನ್ನು ತಿರುವುಮುರುವು ಮಾಡಿದವರು ಕೆ. ಪಿ. ರಾವ್. ಅವರ ಕೀಲಿಮಣೆಯ ವಿನ್ಯಾಸದಲ್ಲಿ ಬೆರಳು ಕಿವಿಯ ಲೆಕ್ಕವನ್ನು ಹಿಡಿಯುತ್ತದೆ. ‘ಕ’ಕಾರದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ‘ಖ’ಕಾರ, ಮೊದಲು ವ್ಯಂಜನ, ಆಮೇಲೆ ಸ್ವರ, ಉಚ್ಚರಿಸುವ ಕ್ರಮದಲ್ಲಿಯೇ. ಕನ್ನಡದ ವರ್ಣಮಾಲೆ ಧ್ವನಿಶಾಸ್ತ್ರದ ಮೇಲೆ ನಿಂತಿರುವುದರಿಂದಲೇ ಇದು ಸಾಧ್ಯವಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಈ ವಿನ್ಯಾಸವನ್ನು ಮನೆಮನೆಗೆ ತಲುಪಿಸಿತು. ಮನುಷ್ಯ ಯಂತ್ರಕ್ಕೆ ಬಾಗುವ ಬದಲು ಯಂತ್ರ ಭಾಷೆಗೆ ಬಾಗಿತು. ಆದರೂ ದೊಡ್ಡಪ್ಪ ಹೊರಗೇ ಉಳಿದ.

ಅವನಂಥವರಿಗಾಗಿಯೇ ಬೆಂಗಳೂರಿನಲ್ಲಿ ಒಂದು ಸಾಹಸ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿ 2001ರಲ್ಲಿ ನಾಡಿನ ಮುಂದಿಟ್ಟರು. ಅದಕ್ಕೆ ಕೀಲಿಮಣೆ ಇರಲಿಲ್ಲ; ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಸಾಕು. ‘ಧ್ವನಿ’ ಎಂಬ ತಂತ್ರಾಂಶ ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಒಬ್ಬೊಬ್ಬರಿಗೂ ಯಂತ್ರ ಬೇಕಿಲ್ಲ. ಊರಿಗೊಂದು ಯಂತ್ರವಿದ್ದು, ಪ್ರತಿಯೊಬ್ಬನೂ ತನ್ನ ಮಾಹಿತಿಯ ಸ್ಮಾರ್ಟ್ ಕಾರ್ಡನ್ನು ಅದರೊಳಗೆ ತೂರಿಸಿದರೆ ಆ ಹೊತ್ತಿಗೆ ಅದು ಅವನದೇ ಆಗುತ್ತಿತ್ತು. ಊರ ಬಾವಿಗೆ ಅವರವರ ಕೊಡ, ಅವರವರ ಹಗ್ಗ ಇದ್ದಂತೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡ’ ಎಂಬ ಮಾದರಿಯ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭವಾಗುತ್ತಿತ್ತು. ಅಷ್ಟರಲ್ಲಿ ಮೊಬೈಲ್ ದೂರವಾಣಿ ಅಗ್ಗವಾಗುತ್ತ ಹಳ್ಳಿಗೆ ಬಂದಾಗಿತ್ತು. ನಿರೀಕ್ಷಿಸಿದಷ್ಟು ಸಿಂಪ್ಯೂಟರುಗಳು ಮಾರಾಟವಾಗಲಿಲ್ಲ. ಯಂತ್ರ ಸೋತಿತು. ಆದರೆ ಅಕ್ಷರ ಬಾರದವನೂ ಗಣಕದ ಯಜಮಾನನಾಗಬಲ್ಲನೆಂಬ ಅದರ ವಿಚಾರ ಸೋಲಲಿಲ್ಲ.

ಇಂದು ದೂರವಾಣಿಗೆ ಕನ್ನಡದಲ್ಲಿ ಮಾತಾಡಿದರೆ ಅದು ಮಾತನ್ನು ಬರಹವಾಗಿಸುತ್ತದೆ, ಬರಹವನ್ನು ಓದಿಯೂ ಹೇಳುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ಯನ್ನು ಆರಂಭಿಸಿದ ಉದ್ದೇಶವೂ ಇದೇ ಜಾಡಿನದು. ಆದರೆ ಯಾರ ಕನ್ನಡ? ದೊಡ್ಡಪ್ಪನ ಬಾಯಲ್ಲಿ ‘ಇದೆ’ ಎಂಬುದಿಲ್ಲ, ‘ಐತಿ’ ಇದೆ. ಮಂಗಳೂರಿನವರಿಗೆ ಅದು ‘ಉಂಟು’. ಪುಸ್ತಕದ ಕನ್ನಡವನ್ನಷ್ಟೇ ಬಲ್ಲ ಯಂತ್ರವು ಕೀಲಿಮಣೆಯಷ್ಟೇ ಬಿಗುಮಾನದ್ದು. ಆದಕಾರಣ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ನುಡಿಗಳ ಉಪಭಾಷೆಗಳನ್ನು ಜನರ ಬಾಯಿಂದಲೇ ಸಂಗ್ರಹಿಸುವ ಕೆಲಸ ಕೈಗೊಂಡದ್ದು ಸಣ್ಣ ಸಂಗತಿಯಲ್ಲ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಧ್ವನಿ ಆಡಿದೊಡನೆ ಗಾಳಿಯಲ್ಲಿ ಕರಗುತ್ತದೆ. ಯಂತ್ರವು ಎರಡು ಎಕರೆಯನ್ನು ಒಂದು ಎಕರೆಯೆಂದು ಓದಿದರೆ, ಓದು ಬಾರದವನು ಅದನ್ನು ಹಿಡಿಯುವುದೆಂತು? ನಮ್ಮ ಹಿರಿಯರು ಡಂಗುರವನ್ನೇ ನಂಬಿ ಕೂರಲಿಲ್ಲ, ಕಲ್ಲನ್ನೂ ನಿಲ್ಲಿಸಿದರು. ಕಲ್ಲನ್ನೇ ನಂಬಲಿಲ್ಲ, ಸಾಕ್ಷಿಗಳನ್ನೂ ಕರೆದರು. ಒಂದು ಬಾಗಿಲನ್ನು ತೆರೆಯಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ದೊಡ್ಡಪ್ಪ ಈಗಿಲ್ಲ. ತನ್ನ ಪಹಣಿಯನ್ನು ಯಂತ್ರದ ಬಾಯಿಂದ ಅವನು ಕೇಳಲೇ ಇಲ್ಲ. ಕೊನೆಯವರೆಗೂ ನಾನೇ ಓದಿ ಹೇಳಬೇಕಾಯಿತು. ಓದಿದಷ್ಟು ಸಲವೂ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಕಾರ್ಣಿಕವನ್ನು ಕೇಳುವಂತೆ. ನಾನು ಸರಿಯಾಗಿ ಓದುತ್ತಿದ್ದೇನೆಂಬ ಒಂದು ನಂಬಿಕೆಯ ಮೇಲೆ ಅವನ ಹೊಲವೆಲ್ಲ ನಿಂತಿತ್ತು.