ಸಂತಾನೋತ್ಪತ್ತಿ ನ್ಯಾಯ

ಮಕ್ಕಳನ್ನು ಹೆರುವ, ಹೆರದಿರುವ ಹಾಗೂ ಹೆತ್ತ ಮಕ್ಕಳನ್ನು ಸುರಕ್ಷಿತವಾಗಿ ಬೆಳೆಸುವ ಹಕ್ಕುಗಳನ್ನು ಒಂದಾಗಿ ಕಾಣುವ ಈ ಪರಿಕಲ್ಪನೆಯನ್ನು 1994ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಸೇರಿದ್ದ ಹನ್ನೆರಡು ಮಂದಿ ಕಪ್ಪು ಮಹಿಳೆಯರು ರೂಪಿಸಿದರು. ಗರ್ಭಪಾತದ ಹಕ್ಕನ್ನೇ ಮುಂದಿಟ್ಟಿದ್ದ ಅಂದಿನ ಚಳವಳಿಗೆ ಇವರ ಚರಿತ್ರೆ ಪೂರ್ತಿ ದಕ್ಕಿರಲಿಲ್ಲ. ಗುಲಾಮ ತಾಯಿಯ ಕೂಸು ಒಡೆಯನ ಆಸ್ತಿಯಾಗಿತ್ತು, 1840ರ ದಶಕದಲ್ಲಿ ಅಲಬಾಮಾದ ವೈದ್ಯ ಜೆ. ಮರಿಯನ್ ಸಿಮ್ಸ್ ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸಿದ್ದನು, 1973ರಷ್ಟು ಈಚೆಗೂ ಅದೇ ರಾಜ್ಯದಲ್ಲಿ ಇಬ್ಬರು ಬಡ ಬಾಲಕಿಯರಿಗೆ ಸರ್ಕಾರಿ ಹಣದಿಂದಲೇ ಸಂತಾನಶಕ್ತಿಹರಣ ಮಾಡಲಾಗಿತ್ತು. ಇಂತಹ ಹಿಂಸೆಯ ಪರಿಣಾಮ ಮಕ್ಕಳು ಮೊಮ್ಮಕ್ಕಳ ಮನಸ್ಸಿಗೂ ದಾಟುವುದನ್ನು ತಲೆಮಾರಿನ ಆಘಾತವೆನ್ನುತ್ತಾರೆ. ಕಪ್ಪು ಮಹಿಳೆಯರ ಆರೋಗ್ಯಕ್ಕಾಗಿ ದುಡಿದ ಹೋರಾಟಗಾರ್ತಿ ಬಿಲ್ಲಿ ಏವರಿ 1980ರ ದಶಕದಲ್ಲಿ ಕಟ್ಟಿದ ಸ್ವಸಹಾಯ ಗುಂಪುಗಳು ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಜಾಗ ಮಾಡಿಕೊಟ್ಟವು. ವೈದ್ಯರ ಮೇಲೆ ನಂಬಿಕೆ ಕಳೆದುಕೊಂಡವರಿಗೆ ಇದೇ ಮೊದಲ ಚಿಕಿತ್ಸೆಯಾಗಿತ್ತೆನ್ನಬಹುದು. ಇಂದಿಗೂ ಅಮೆರಿಕದಲ್ಲಿ ಗರ್ಭಿಣಿ ಬಾಣಂತಿಯರ ಮರಣ ಪ್ರಮಾಣವು ಕಪ್ಪು ಸ್ತ್ರೀಯರಲ್ಲಿ ಬಿಳಿಯರಲ್ಲಿರುವುದರ ಸುಮಾರು ಮೂರು ಪಟ್ಟಿದೆ.