ಪಿಸ್ತೂಲು ಬದಲಾದಾಗ: ಒಂದು ಸೇನೆಯ ಮೂರು ಪ್ರಶ್ನೆಗಳು

ಯುದ್ಧಗಳ ಇತಿಹಾಸವನ್ನು ಓದುವಾಗ ನಮ್ಮ ಗಮನ ಸಾಮಾನ್ಯವಾಗಿ ಸೇನಾಪತಿಗಳು, ಒಪ್ಪಂದಗಳು, ಗೆದ್ದ ಮತ್ತು ಸೋತ ರಾಜ್ಯಗಳ ಕಡೆಗೆ ಹರಿಯುತ್ತದೆ. ಸಿಪಾಯಿಯ ಸೊಂಟದ ಪಟ್ಟಿಗೆ ತೂಗುಬಿದ್ದ ಪಿಸ್ತೂಲಿನ ಕಡೆಗೆ ನಾವು ನೋಡುವುದೇ ಇಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಫಿರಂಗಿ, ಮೆಷಿನ್ ಗನ್ನು, ರೈಫಲ್ಲುಗಳ ನಡುವೆ ಪಿಸ್ತೂಲು ಬಹಳ ಸಣ್ಣ ಆಯುಧ. ಬೇರೆಲ್ಲ ದಾರಿಯೂ ಮುಚ್ಚಿದಾಗ ಕೈಗೆ ಬರುವ ಕೊನೆಯ ಆಸರೆ ಅದು. ಆದರೂ ಅಮೆರಿಕದ ಸೇನೆ ತನ್ನ ಮುಖ್ಯ ಪಿಸ್ತೂಲನ್ನು ಬದಲಾಯಿಸಲು ಹೊರಟಾಗಲೆಲ್ಲ ವರ್ಷಗಟ್ಟಲೆ ಪರೀಕ್ಷೆಗಳು ನಡೆದವು, ಶಾಸನಸಭೆಯಲ್ಲಿ ವಾಗ್ವಾದಗಳಾದವು, ಕಂಪೆನಿಗಳು ನ್ಯಾಯ ಕೇಳಿ ದೂರು ಕೊಟ್ಟವು. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಗದ್ದಲವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಒಂದು ಸಾಧನವನ್ನು ಬದಲಾಯಿಸುವುದೆಂದರೆ ಅದರ ಹಿಂದಿರುವ ಇಡೀ ವ್ಯವಸ್ಥೆಯನ್ನೇ ಬದಲಾಯಿಸುವುದು ಎಂಬ ಸಂಗತಿ ಮನದಟ್ಟಾಗುತ್ತದೆ.

ಮೊದಲು ಅರೆ ಸ್ವಯಂಚಾಲಿತ ಪಿಸ್ತೂಲು ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಹಳೆಯ ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಉರುಳೆಯೊಂದರ ರಂಧ್ರಗಳಲ್ಲಿ ಕುಳಿತಿರುತ್ತವೆ. ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಅವು ಹಿಡಿಯೊಳಗಿನ ಮ್ಯಾಗಜೀನ್ ಎಂಬ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇರುತ್ತವೆ. ಗುಂಡು ಹಾರಿದಾಗ ಹುಟ್ಟುವ ಹಿಮ್ಮೊಗದ ಒತ್ತಡವೇ ಪಿಸ್ತೂಲಿನ ಮೇಲ್ಭಾಗವಾದ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ಚಿಪ್ಪನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತಂದಾಗ ಮುಂದಿನ ಗುಂಡು ನಳಿಗೆಗೆ ಏರುತ್ತದೆ. ಆದರೆ ಪ್ರತಿಯೊಂದು ಗುಂಡಿಗೂ ಟ್ರಿಗರನ್ನು ಮತ್ತೆ ಎಳೆಯಲೇಬೇಕು. ಆದ್ದರಿಂದಲೇ ಅದು 'ಅರೆ' ಸ್ವಯಂಚಾಲಿತ.

ಮೊದಲ ಪ್ರಶ್ನೆ: ಇದು ಎದುರಾಳಿಯನ್ನು ತಡೆಯುತ್ತದೆಯೆ?

1898ರಲ್ಲಿ ಸ್ಪೇನಿನೊಡನೆ ನಡೆದ ಯುದ್ಧದ ಫಲವಾಗಿ ಫಿಲಿಪ್ಪೀನ್ಸ್ ದ್ವೀಪಗಳು ಅಮೆರಿಕದ ವಶವಾದವು. ಅಲ್ಲಿನ ಜನ ಒಬ್ಬ ಒಡೆಯ ಹೋಗಿ ಇನ್ನೊಬ್ಬ ಒಡೆಯ ಬಂದುದನ್ನು ಒಪ್ಪಲಿಲ್ಲ. 1899ರಿಂದ ಹೋರಾಟ ಆರಂಭವಾಯಿತು. ದಕ್ಷಿಣದ ದ್ವೀಪಗಳ ಮೋರೊ ಜನರು ಕತ್ತಿ ಹಿಡಿದು ಸಮೀಪದಿಂದಲೇ ಮೇಲೆರಗುತ್ತಿದ್ದರು. ಆಗ ಅಮೆರಿಕದ ಅಧಿಕಾರಿಗಳ ಬಳಿ ಇದ್ದುದು .38 ಇಂಚು ಅಳತೆಯ ಕೋಲ್ಟ್ ರಿವಾಲ್ವರ್. ಗುಂಡು ತಗುಲಿದ ಮೇಲೂ ಎದುರಾಳಿ ಮುನ್ನುಗ್ಗಿ ಬರುತ್ತಾನೆಂಬ ದೂರುಗಳು ಒಂದಾದ ಮೇಲೊಂದು ಬಂದವು.

1904ರಲ್ಲಿ ಸೇನೆ ಇದರ ಪರೀಕ್ಷೆಗೆ ಇಬ್ಬರನ್ನು ನೇಮಿಸಿತು. ಒಬ್ಬರು ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್, ಇನ್ನೊಬ್ಬರು ವೈದ್ಯಕೀಯ ವಿಭಾಗದ ಲೂಯಿ ಲಗಾರ್ಡ್. ಅವರು ಷಿಕಾಗೋ ನಗರದ ಕಸಾಯಿಖಾನೆಯ ದನಗಳ ಮೇಲೆ ಮತ್ತು ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಅಳತೆಯ ಗುಂಡುಗಳನ್ನು ಹಾರಿಸಿ ಪರಿಣಾಮವನ್ನು ಗುರುತು ಹಾಕಿಕೊಂಡರು. ಸೇನೆಯ ಪಿಸ್ತೂಲಿನ ಗುಂಡು .45 ಇಂಚಿಗಿಂತ ಚಿಕ್ಕದಿರಬಾರದು ಎಂಬುದು ಅವರ ತೀರ್ಮಾನ. ಇಂದಿನ ವಿಜ್ಞಾನದ ಕಣ್ಣಿನಿಂದ ನೋಡಿದರೆ ಆ ಪರೀಕ್ಷೆ ಒರಟಾದದ್ದು, ಪ್ರಾಣಿಗಳ ಸಂಖ್ಯೆಯೂ ಅಲ್ಪ. ಆದರೂ ಆ ಒಂದು ವಾಕ್ಯ ಮುಂದಿನ 80 ವರ್ಷಗಳ ಕಾಲ ಒಂದು ಸೇನೆಯ ಕೈಯನ್ನು ಕಟ್ಟಿಹಾಕಿತು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಇನ್ನೊಂದು ಮಾತನ್ನು ಮರೆಯಬಾರದು. ಗುಂಡಿನ ಗಾತ್ರವನ್ನು ಹೆಚ್ಚಿಸಿದ್ದು ಒಂದು ತಾಂತ್ರಿಕ ನಿರ್ಧಾರವೇನೋ ಹೌದು. ಆದರೆ ಯಾರನ್ನು ತಡೆಯುವುದಕ್ಕಾಗಿ ಅದು ಹೆಚ್ಚಿತೋ ಆ ಜನ ತಮ್ಮದೇ ನೆಲದಲ್ಲಿ ನಿಂತು ಹೋರಾಡುತ್ತಿದ್ದವರು.

1907ರಲ್ಲಿ ಹೊಸ ಪಿಸ್ತೂಲಿಗಾಗಿ ಸ್ಪರ್ಧೆ ಆರಂಭವಾಯಿತು. ಕೊನೆಗೆ ಉಳಿದವು ಎರಡು: ಸ್ಯಾವೇಜ್ ಕಂಪೆನಿಯ ಪಿಸ್ತೂಲು ಮತ್ತು ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು. 1911ರ ಮಾರ್ಚ್ ತಿಂಗಳಲ್ಲಿ ಎರಡರಿಂದಲೂ ತಲಾ 6000 ಗುಂಡುಗಳನ್ನು ಹಾರಿಸಲಾಯಿತು. ಸ್ಯಾವೇಜ್ 37 ಬಾರಿ ತಡವರಿಸಿತು, ಕೋಲ್ಟ್ ಒಮ್ಮೆಯೂ ತಡವರಿಸಲಿಲ್ಲ. ಅದೇ ತಿಂಗಳ 29ರಂದು ಕೋಲ್ಟ್ ಸೇನೆಯ ಪಿಸ್ತೂಲಾಯಿತು. ಆ ವರ್ಷವೇ ಅದರ ಹೆಸರಾಗಿ ಉಳಿಯಿತು: ಎಂ-1911.

ಎರಡು ಮಹಾಯುದ್ಧಗಳಲ್ಲಿ, ಕೊರಿಯಾದಲ್ಲಿ, ವಿಯೆಟ್ನಾಮಿನಲ್ಲಿ ಈ ಪಿಸ್ತೂಲು ಬಳಕೆಯಾಯಿತು. ಎರಡನೆಯ ಮಹಾಯುದ್ಧದ ಅವಸರದಲ್ಲಿ ಇದನ್ನು ತಯಾರಿಸಿದವರು ಯಾರು ಗೊತ್ತೆ? ಬೆರಳಚ್ಚು ಯಂತ್ರಗಳ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ತಯಾರಿಸುತ್ತಿದ್ದ ಯೂನಿಯನ್ ಸ್ವಿಚ್ ಕಂಪೆನಿ, ನಮ್ಮ ಊರುಗಳ ದರ್ಜಿಗಳಿಗೆಲ್ಲ ಪರಿಚಿತವಾದ ಹೊಲಿಗೆ ಯಂತ್ರದ ಸಿಂಗರ್ ಕಂಪೆನಿ. ಸಿಂಗರ್ ತಯಾರಿಸಿದ್ದು 500 ಪಿಸ್ತೂಲುಗಳು ಮಾತ್ರ. ಯುದ್ಧಕಾಲದಲ್ಲಿ ಎಲ್ಲ ಕಂಪೆನಿಗಳೂ ಸೇರಿ ತಯಾರಿಸಿದವು ಸುಮಾರು 19 ಲಕ್ಷ. 1945ರಲ್ಲಿ ಖರೀದಿ ನಿಂತಿತು. ಅಂದರೆ 1970ರ ದಶಕದ ಕೊನೆಯಲ್ಲಿ ಸೈನಿಕರ ಕೈಯಲ್ಲಿದ್ದ ಅತಿ ಹೊಸ ಪಿಸ್ತೂಲಿಗೂ 30 ವರ್ಷ ದಾಟಿತ್ತು.

ಎರಡನೆಯ ಪ್ರಶ್ನೆ: ಇದು ನೆರೆಯವನದರೊಡನೆ ಹೊಂದುತ್ತದೆಯೆ?

1949ರಲ್ಲಿ ನ್ಯಾಟೋ ಒಕ್ಕೂಟ ಸ್ಥಾಪನೆಯಾಯಿತು. ಹಲವು ದೇಶಗಳ ಸೇನೆಗಳು ಒಂದೇ ರಣರಂಗದಲ್ಲಿ ನಿಲ್ಲಬೇಕಾದರೆ ಒಬ್ಬರ ಗುಂಡು ಇನ್ನೊಬ್ಬರ ಆಯುಧಕ್ಕೆ ಒದಗಬೇಕು. ಯೂರೋಪಿನ ಸೇನೆಗಳಲ್ಲಿ ಆಗಲೇ ರೂಢಿಯಲ್ಲಿದ್ದ ಪಿಸ್ತೂಲಿನ ಗುಂಡು 9 ಮಿಲಿಮೀಟರಿನದು. ಅದನ್ನು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದವನು ಗೇಯಾರ್ಗ್ ಲೂಗರ್. ಅಮೆರಿಕ ಮಾತ್ರ .45ನ್ನೇ ಹಿಡಿದು ಕುಳಿತಿತ್ತು.

1957ರಲ್ಲಿ ನಮ್ಮ ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದುದನ್ನು ನೆನಪಿಸಿಕೊಳ್ಳಿ. ಬದಲಾದದ್ದು ನಾಣ್ಯವೊಂದೇ ಅಲ್ಲ. ಅಂಗಡಿಯ ಲೆಕ್ಕದ ಪುಸ್ತಕ, ಅಂಚೆಯ ಚೀಟಿ, ಶಾಲೆಯ ಮಗ್ಗಿ, ಅಜ್ಜಿಯರ ಬಾಯಿಲೆಕ್ಕ ಎಲ್ಲವೂ ಬದಲಾಗಬೇಕಾಯಿತು. ಗುಂಡಿನ ಅಳತೆಯೂ ಹಾಗೆಯೇ. ಅದು ಬದಲಾದರೆ ಉಗ್ರಾಣ, ಕಾರ್ಖಾನೆ, ತರಬೇತಿ, ಬಿಡಿಭಾಗ ಎಲ್ಲವೂ ಬದಲಾಗಬೇಕು.

1978ರ ಹೊತ್ತಿಗೆ ಅಮೆರಿಕದ ಶಾಸನಸಭೆಯ ಒಂದು ಸಮಿತಿ ಈ ವಿಷಯವನ್ನು ಕೆದಕಿತು. ದೇಶದ ಸಶಸ್ತ್ರ ದಳಗಳಲ್ಲಿ 25ಕ್ಕೂ ಹೆಚ್ಚು ಬಗೆಯ ಕೈಬಂದೂಕುಗಳೂ 100ಕ್ಕೂ ಹೆಚ್ಚು ಬಗೆಯ ಗುಂಡುಗಳೂ ಇರುವುದು ಬೆಳಕಿಗೆ ಬಂತು. ಎಲ್ಲರಿಗೂ ಒಂದೇ ಪಿಸ್ತೂಲು, ಅದೂ 9 ಮಿಲಿಮೀಟರಿನದು, ಎಂಬ ನಿರ್ಧಾರಕ್ಕೆ ಇದೇ ಕಾರಣವಾಯಿತು.

ನಿರ್ಧಾರ ಸುಲಭ, ಆಯ್ಕೆ ಕಷ್ಟ. ವಾಯುಸೇನೆ ನಡೆಸಿದ ಮೊದಲ ಪರೀಕ್ಷೆಯಲ್ಲಿ ಇಟಲಿಯ ಬೆರೆಟ್ಟಾ ಮೇಲುಗೈ ಪಡೆಯಿತು. ಭೂಸೇನೆ ಆ ಫಲಿತಾಂಶವನ್ನು ಒಪ್ಪಲಿಲ್ಲ. 1982ರಲ್ಲಿ ಇನ್ನೊಂದು ಸುತ್ತಿನ ಪರೀಕ್ಷೆ ರದ್ದಾಯಿತು. 1984ರಲ್ಲಿ ಮತ್ತೆ ಪರೀಕ್ಷೆ ನಡೆದಾಗ ಎರಡು ಪಿಸ್ತೂಲುಗಳು ತೇರ್ಗಡೆಯಾದವು: ಬೆರೆಟ್ಟಾ ಮತ್ತು ಸ್ವಿಟ್ಜರ್ಲೆಂಡ್-ಜರ್ಮನಿ ಮೂಲದ ಸಿಗ್ ಸಾವರ್. ಮ್ಯಾಗಜೀನು, ಬಿಡಿಭಾಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ ಬೆರೆಟ್ಟಾದ ಒಟ್ಟು ಬೆಲೆ ಕಡಿಮೆಯಾಯಿತು. 1985ರ ಜನವರಿಯಲ್ಲಿ ಅದರ ಗೆಲುವು ಪ್ರಕಟವಾಯಿತು. 3 ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳಿಗೆ ಸುಮಾರು 7.5 ಕೋಟಿ ಡಾಲರುಗಳ ಒಪ್ಪಂದ ಅದು. ಹೀಗೆ 1526ರಷ್ಟು ಹಿಂದೆಯೇ ವೆನಿಸ್ ನಗರಕ್ಕೆ ಬಂದೂಕಿನ ನಳಿಗೆಗಳನ್ನು ಮಾರಿದ ದಾಖಲೆಯುಳ್ಳ ಒಂದು ಇಟಾಲಿಯನ್ ಮನೆತನದ ಪಿಸ್ತೂಲು ಎಂ-9 ಎಂಬ ಹೆಸರಿನಿಂದ ಅಮೆರಿಕದ ಸೇನೆಯನ್ನು ಸೇರಿತು. ಅದನ್ನು ಅಮೆರಿಕದ ನೆಲದಲ್ಲೇ ತಯಾರಿಸಬೇಕಾಗಿದ್ದುದರಿಂದ ಮೇರಿಲ್ಯಾಂಡ್ ರಾಜ್ಯದ ಕಾರ್ಖಾನೆಯಲ್ಲಿ ಉತ್ಪಾದನೆ ನಡೆಯಿತು.

ಗದ್ದಲ ಅಲ್ಲಿಗೇ ನಿಲ್ಲಲಿಲ್ಲ. ಸೋತ ಸ್ಮಿತ್ ಅಂಡ್ ವೆಸನ್ ಕಂಪೆನಿ ನ್ಯಾಯಾಲಯದ ಮೆಟ್ಟಿಲೇರಿತು. ಕೆಲವು ಪಿಸ್ತೂಲುಗಳ ಸ್ಲೈಡು ಬಿರುಕುಬಿಟ್ಟು ಹಿಂದಕ್ಕೆ ಹಾರಿ, ಹಾರಿಸಿದವರ ಮುಖಕ್ಕೆ ಗಾಯವಾದ ಪ್ರಸಂಗಗಳು ನಡೆದವು. ದೋಷ ಲೋಹದ್ದೋ, ಅತಿಯಾದ ಒತ್ತಡದ ಗುಂಡುಗಳದ್ದೋ ಎಂಬ ವಿವಾದವೂ ಎದ್ದಿತು. ಸ್ಲೈಡು ಮುರಿದರೂ ಹಿಂದಕ್ಕೆ ಹಾರದಂತೆ ತಡೆಯುವ ತಿದ್ದುಪಡಿಯನ್ನು ಅಳವಡಿಸಲಾಯಿತು. ಶಾಸನಸಭೆಯ ಒತ್ತಾಯದಿಂದ 1988ರಲ್ಲಿ ಮತ್ತೊಮ್ಮೆ ಸ್ಪರ್ಧೆ ನಡೆಯಿತು. 1989ರಲ್ಲಿ ಮತ್ತೆ ಗೆದ್ದದ್ದು ಬೆರೆಟ್ಟಾವೇ.

ಸಿಪಾಯಿಯ ಪಾಲಿಗೆ ನಿಜವಾದ ಬದಲಾವಣೆ ಇದ್ದುದು ಹೆಬ್ಬೆರಳಿನಲ್ಲಿ. ಹಳೆಯ ಕೋಲ್ಟಿನ ಸೇಫ್ಟಿ ಸನ್ನೆ ಪಿಸ್ತೂಲಿನ ಕೆಳ ಚೌಕಟ್ಟಿನಲ್ಲಿತ್ತು. ಗುಂಡು ಹಾರಿಸಬೇಕಾದರೆ ಅದನ್ನು ಕೆಳಕ್ಕೆ ಒತ್ತಬೇಕಿತ್ತು. ಬೆರೆಟ್ಟಾದಲ್ಲಿ ಅದು ಸ್ಲೈಡಿನ ಮೇಲಿತ್ತು, ಅದನ್ನು ಮೇಲಕ್ಕೆ ತಳ್ಳಬೇಕಿತ್ತು. 20 ವರ್ಷ ಒಂದೇ ದಿಕ್ಕಿಗೆ ಪಳಗಿದ ಹೆಬ್ಬೆರಳು ಪ್ರಾಣಾಪಾಯದ ಕ್ಷಣದಲ್ಲಿ ಹಳೆಯ ದಿಕ್ಕಿಗೇ ಹೋದರೆ ಗತಿಯೇನು? ಮ್ಯಾಗಜೀನಿನಲ್ಲಿ 7ರ ಬದಲು 15 ಗುಂಡುಗಳು ಬಂದವೆಂಬುದು ಕಾಗದದ ಮೇಲಿನ ಲಾಭ. ಆ ಲಾಭ ಕೈಗೂಡಬೇಕಾದರೆ ಲಕ್ಷಾಂತರ ಬೆರಳುಗಳು ಹೊಸದಾಗಿ ಪಾಠ ಕಲಿಯಬೇಕು. ತರಬೇತಿಯ ಖರ್ಚು ಪಿಸ್ತೂಲಿನ ಬೆಲೆಚೀಟಿಯಲ್ಲಿ ಇರುವುದಿಲ್ಲ.

ಪ್ರಸಂಗವಶಾತ್ ಇಲ್ಲಿ ನಮ್ಮ ದೇಶದ ಒಂದು ಸಂಬಂಧವನ್ನೂ ಹೇಳಬಹುದು. ಕೋಲ್ಟನ್ನು ರೂಪಿಸಿದ ಬ್ರೌನಿಂಗ್ 1926ರಲ್ಲಿ ಬೆಲ್ಜಿಯಮ್ಮಿನಲ್ಲಿ ತೀರಿಕೊಂಡಾಗ 9 ಮಿಲಿಮೀಟರಿನ ಇನ್ನೊಂದು ಪಿಸ್ತೂಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಸೇವ್ ಎಂಬ ಬೆಲ್ಜಿಯಂ ತಂತ್ರಜ್ಞ ಪೂರ್ಣಗೊಳಿಸಿದ. ಮಹಾಯುದ್ಧದ ಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಂಪೆನಿ ಅದನ್ನು ತಯಾರಿಸಿತು. ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ಭಾರತೀಯ ಸೇನೆಗಾಗಿ ತಯಾರಾದ 9 ಮಿಲಿಮೀಟರ್ ಪಿಸ್ತೂಲು ಆ ಮಾದರಿಯ ವಂಶದ್ದೇ.

ಮೂರನೆಯ ಪ್ರಶ್ನೆ: ಇದು ಕೈಗೆ ಹೊಂದುತ್ತದೆಯೆ?

2003ರಲ್ಲಿ ಆರಂಭವಾದ ಇರಾಕ್ ಯುದ್ಧದಲ್ಲಿ ಬೆರೆಟ್ಟಾದ ಬಗ್ಗೆ ದೂರುಗಳು ಬಂದವು. ಮರಳಿನ ಧೂಳಿನಲ್ಲಿ ಕೆಲವು ಮ್ಯಾಗಜೀನುಗಳು ಗುಂಡನ್ನು ಸರಿಯಾಗಿ ಮೇಲೆತ್ತುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ತೊಂದರೆ ಹಿಡಿಯದು. ಎರಡು ಸಾಲಿನಲ್ಲಿ 15 ಗುಂಡುಗಳನ್ನು ಹೊರಬೇಕಾದ ಹಿಡಿ ದಪ್ಪನಾಗಿತ್ತು. ಚಿಕ್ಕ ಕೈಯವರಿಗೆ ಟ್ರಿಗರು ಸರಿಯಾಗಿ ಎಟುಕುತ್ತಿರಲಿಲ್ಲ. ಸೇನೆಯಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದಂತೆ ಈ ಕೊರತೆ ಕಣ್ಣಿಗೆ ಬಿತ್ತು. 1904ರ ಪರೀಕ್ಷಕರು ಗುಂಡು ತಗುಲುವ ದೇಹವನ್ನು ಕುರಿತು ಯೋಚಿಸಿದ್ದರು. ಈಗ ಪಿಸ್ತೂಲು ಹಿಡಿಯುವ ದೇಹವನ್ನು ಕುರಿತು ಯೋಚಿಸುವ ಕಾಲ ಬಂದಿತ್ತು.

2015ರಲ್ಲಿ ಸೇನೆ ಹೊಸ ಪಿಸ್ತೂಲಿಗೆ ಅರ್ಜಿ ಕರೆಯಿತು. ಬೇಡಿಕೆಯ ಪತ್ರ 350 ಪುಟಗಳನ್ನು ಮೀರಿತ್ತು. ಒಂದು ಪಿಸ್ತೂಲು ಕೊಳ್ಳಲು ಇಷ್ಟು ಪುಟಗಳೇ ಎಂದು ಸೆನೆಟರ್ ಜಾನ್ ಮೆಕೇನ್ ಕಟುವಾಗಿ ಟೀಕಿಸಿದರು. 2017ರ ಜನವರಿ 19ರಂದು ಸಿಗ್ ಸಾವರ್ ಆಯ್ಕೆಯಾಯಿತು. 1985ರಲ್ಲಿ ಬೆಲೆಯ ಲೆಕ್ಕದಲ್ಲಿ ಸೋತಿದ್ದ ಹೆಸರೇ 32 ವರ್ಷಗಳ ಅನಂತರ ಗೆದ್ದಿತು. ಆಸ್ಟ್ರಿಯಾದ ಗ್ಲಾಕ್ ಕಂಪೆನಿ ದೂರು ಕೊಟ್ಟಿತು. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ದೂರನ್ನು ವಿಚಾರಿಸಿ ಅದೇ ವರ್ಷದ ಜೂನ್ ತಿಂಗಳಲ್ಲಿ ತಳ್ಳಿಹಾಕಿತು. ಸಿಗ್ ಸಾವರಿನ ಬೆಲೆ ಗ್ಲಾಕ್‌ಗಿಂತ 10 ಕೋಟಿ ಡಾಲರಿಗೂ ಹೆಚ್ಚು ಕಡಿಮೆಯಿತ್ತೆಂಬುದು ಆ ತೀರ್ಪಿನಿಂದ ತಿಳಿಯಿತು.

ಎಂ-17 ಎಂಬ ಈ ಹೊಸ ಪಿಸ್ತೂಲಿನ ಗುಂಡು ಅದೇ 9 ಮಿಲಿಮೀಟರಿನದು. ಆದರೆ ಇದರ ಹಿಡಿಯನ್ನು ಕಳಚಿ ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಮೂರು ಅಳತೆಗಳಲ್ಲಿ ಕೈಗೆ ತಕ್ಕಂತೆ ಜೋಡಿಸಬಹುದು. ನೆಲಕ್ಕೆ ಬಿದ್ದಾಗ ತಾನಾಗಿಯೇ ಗುಂಡು ಹಾರುವ ದೋಷವೊಂದು ಪರೀಕ್ಷೆಯಲ್ಲಿ ಕಂಡುಬಂದಾಗ ಟ್ರಿಗರಿನ ಭಾಗಗಳನ್ನು ಹಗುರಗೊಳಿಸಿ ಸರಿಪಡಿಸಲಾಯಿತು. ಇನ್ನು ಸೇಫ್ಟಿ ಸನ್ನೆ? ಅದು ಮತ್ತೆ ಚೌಕಟ್ಟಿಗೆ ಬಂದಿದೆ. ಹೆಬ್ಬೆರಳು 1911ರಲ್ಲಿದ್ದಂತೆ ಮತ್ತೆ ಕೆಳಕ್ಕೇ ಒತ್ತಬೇಕು.

ವಿದ್ಯಾರ್ಥಿ ಮಿತ್ರರು ಈ ಮೂರು ಬದಲಾವಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕೋಲ್ಟ್ ಕೆಟ್ಟ ಪಿಸ್ತೂಲೆಂದು ಅದನ್ನು ಕೈಬಿಡಲಿಲ್ಲ. ಅದರ ಸುಧಾರಿತ ರೂಪವೊಂದನ್ನು ಮರೀನ್ ದಳ 2012ರಲ್ಲೂ ತನ್ನ ವಿಶೇಷ ತುಕಡಿಗಳಿಗಾಗಿ ಕೊಂಡಿತು. ಬದಲಾದದ್ದು ಪಿಸ್ತೂಲಿಗಿಂತ ಮೊದಲು, ಪಿಸ್ತೂಲನ್ನು ಕುರಿತು ಕೇಳುವ ಪ್ರಶ್ನೆ. ವಸಾಹತಿನ ಕಾಡಿನಲ್ಲಿದ್ದ ಸೇನೆ ಗುಂಡಿನ ಗಾತ್ರವನ್ನು ಕೇಳಿತು. ಒಕ್ಕೂಟದ ಸದಸ್ಯನಾದ ಸೇನೆ ಗುಂಡಿನ ಹೊಂದಾಣಿಕೆಯನ್ನು ಕೇಳಿತು. ಸ್ತ್ರೀಪುರುಷರಿಬ್ಬರೂ ದುಡಿಯುವ ಸೇನೆ ಹಿಡಿಯ ಅಳತೆಯನ್ನು ಕೇಳಿತು.

ಈ ದೀರ್ಘ ವಿಚಾರಣೆಗಳನ್ನು ಕಂಡು ಬೇಸರಪಡುವುದು ಸುಲಭ. ಕೊಳ್ಳುವ ಹಣ ಪ್ರಜೆಗಳದು, ಹಿಡಿಯುವ ಕೈ ಸಿಪಾಯಿಯದು. ಇಬ್ಬರೂ ಆ ಆಯ್ಕೆಯ ಕೋಣೆಯಲ್ಲಿ ಕುಳಿತಿರುವುದಿಲ್ಲ. ಅವರ ಪರವಾಗಿ ಕೇಳುವುದಕ್ಕೆ ಪರೀಕ್ಷೆ, ಶಾಸನಸಭೆ, ನ್ಯಾಯಾಲಯಗಳ ಹೊರತು ಬೇರೆ ದಾರಿಯಿಲ್ಲ. ಬಿರುಕುಬಿಟ್ಟ ಸ್ಲೈಡು ಮತ್ತು ನೆಲಕ್ಕೆ ಬಿದ್ದು ಹಾರುವ ಗುಂಡು ಮುಚ್ಚಿಹೋಗದೆ ಲೋಕಕ್ಕೆ ತಿಳಿದದ್ದು, ತಿದ್ದುಪಡಿಯಾದದ್ದು ಇಂಥ ಪ್ರಶ್ನೆಗಳಿಗೆ ಅವಕಾಶವಿದ್ದುದರಿಂದ. ಯಾವುದೇ ಕಾಲದ ಯಾವುದೇ ಸಾಧನ ಬದಲಾದುದನ್ನು ಇತಿಹಾಸದಲ್ಲಿ ಓದುವಾಗ, ಹೊಸದು ಎಷ್ಟು ಚೆನ್ನಾಗಿತ್ತು ಎಂದಷ್ಟೇ ಕೇಳಿ ನಿಲ್ಲಬೇಡಿ. ಬದಲಾಯಿಸಿದವರು ಯಾವ ಪ್ರಶ್ನೆಯನ್ನು ಕೇಳಿದರು, ಯಾವುದನ್ನು ಕೇಳದೆ ಬಿಟ್ಟರು ಎಂಬುದನ್ನೂ ಹುಡುಕಿ.