ಶರಾವತಿಯನ್ನು ಮೊದಲು ಕಂಡದ್ದು ಕ್ಯಾಮೆರಾ ಅಲ್ಲ

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯಿಂದ ಸಮುದ್ರ ಮಾರ್ಗವಾಗಿ ಹೊನ್ನಾವರಕ್ಕೆ ಬಂದ. ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ ಅವನೂ ಒಬ್ಬ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ದೋಣಿಯಲ್ಲಿ ಕುಳಿತು ನೋಡಿದ ಶರಾವತಿಯ ಚೆಲುವನ್ನು ಅವನು ತನ್ನ ಪತ್ರಗಳಲ್ಲಿ ಮನಸಾರೆ ಹೊಗಳಿದ್ದಾನೆ. ನೈಲ್, ಟೈಗ್ರಿಸ್ ನದಿಗಳನ್ನು ನೋಡಿ ಬಂದವನ ಹೊಗಳಿಕೆ ಅದು; ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಅವನ ಬಳಿಕ 1637ರಲ್ಲಿ ಇಂಗ್ಲೆಂಡಿನ ಪೀಟರ್ ಮಂಡಿ ಭಟ್ಕಳಕ್ಕೆ ಬಂದ. ಕಂಡದ್ದನ್ನು ಬರೆದಿಡುವುದರ ಜೊತೆಗೆ ರೇಖೆಗಳಲ್ಲಿ ಬಿಡಿಸಿಡುವ ಅಭ್ಯಾಸ ಅವನದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಕರಾವಳಿಯನ್ನು ಹಾದುಹೋಗುತ್ತ ಮಣ್ಣು, ಬೆಳೆ, ತೋಟಗಳನ್ನು ದಿನದಿನವೂ ದಾಖಲಿಸಿದ. ಈ ಮೂವರ ಉದ್ದೇಶಗಳು ಬೇರೆ ಬೇರೆ. ಬುಕಾನನ್‌ನ ಹಿಂದೆ ಕಂಪನಿ ಸರ್ಕಾರದ ಲೆಕ್ಕಾಚಾರವೂ ಇತ್ತು. ಆದರೂ ಮೂವರೂ ಈ ನೆಲವನ್ನು ನಡಿಗೆಯ, ದೋಣಿಯ ವೇಗದಲ್ಲಿ ಕಂಡವರು.

ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. 1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕ ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಹಾಗಾಗಿ ಹೊರಾಂಗಣಕ್ಕೆ ಹೊರಟವನು ಕತ್ತಲ ಗುಡಾರವನ್ನೂ ರಾಸಾಯನಿಕಗಳನ್ನೂ ಹೊರಿಸಿಕೊಂಡೇ ಹೋಗಬೇಕು. ಅಂದಿನ ಫಲಕಗಳಿಗೆ ನೀಲಿ ಬಣ್ಣ ಬೇಗ ತಾಗುತ್ತಿತ್ತು, ಹಸಿರು ಮತ್ತು ಕೆಂಪು ತಾಗುತ್ತಿರಲಿಲ್ಲ. ಕಾಡು ಕಪ್ಪಾಗುತ್ತಿತ್ತು, ಆಕಾಶ ಬರೀ ಬಿಳಿ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ. 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ತನ್ನ ನೆಗೆಟಿವ್‌ಗಳ ಮೇಲೆ ಕೈಯಾರೆ ಮೋಡ ಬರೆದದ್ದುಂಟು. ಯಂತ್ರ ಬಿಟ್ಟದ್ದನ್ನು ತುಂಬಬೇಕಾದರೆ ಕಣ್ಣು ಅದನ್ನು ಮೊದಲೇ ಕಂಡಿರಬೇಕಲ್ಲವೆ?

ಇಂದಿನ ಕ್ಯಾಮೆರಾಕ್ಕೆ ಆ ತೊಡಕುಗಳಿಲ್ಲ. ಆದರೆ ಎಲ್ಲಿ, ಯಾವಾಗ ನಿಲ್ಲಬೇಕೆಂಬುದನ್ನು ಅದು ಹೇಳಿಕೊಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಸಹ್ಯಾದ್ರಿಯ ಹಿಂದೆ. ಬೆಳಗಾದರೂ ಬೆಟ್ಟದ ಬುಡದ ತೋಟಕ್ಕೆ ಬಿಸಿಲು ತಡವಾಗಿ ಇಳಿಯುತ್ತದೆ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಬಳಚು ಹೆಕ್ಕುವ ಹೆಂಗಸರಿಂದ. ಯಾವ ದಿಬ್ಬ ಯಾವ ಹೊತ್ತಿಗೆ ಮೇಲೇಳುತ್ತದೆ, ಎಲ್ಲಿ ಕೆಸರು ಮೊಣಕಾಲು ನುಂಗುತ್ತದೆ ಎಂಬುದು ಅವರಿಗೆ ಗೊತ್ತು. "ನೀರು ತಿರುಗ್ತದೆ, ಬನ್ನಿ" ಎಂದು ಒಬ್ಬಾಕೆ ಕರೆದಾಗ ನನ್ನ ಕಣ್ಣಿಗೆ ನೀರು ನಿಂತಲ್ಲೇ ನಿಂತಿತ್ತು. ಆ ಮಾತು ಕೇಳಿದ ಮೇಲೆ ತೆಗೆದ ಚಿತ್ರಗಳಲ್ಲಿ ದಿಬ್ಬ ಬರಿಯ ಹಿನ್ನೆಲೆಯಾಗಿ ಉಳಿಯಲಿಲ್ಲ. ಅದು ಯಾರದೋ ದುಡಿಮೆಯ ಜಾಗವಾಯಿತು.

ಹೊರಗೆ ನಿಂತು ಪಡೆದ ಅನುಭವಕ್ಕೆ ಇನ್ನೊಂದು ಬೆಲೆಯೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹರಿವು ಮಳೆಗಾಲದ ಲೆಕ್ಕವನ್ನಷ್ಟೇ ಅಲ್ಲ, ವಿದ್ಯುತ್ತಿನ ಲೆಕ್ಕವನ್ನೂ ಕೇಳತೊಡಗಿತು. ದೆಲ್ಲಾ ವಾಲೆ ಕಂಡ ಹೊಳೆಯನ್ನು ಇನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಅದು ಉಳಿದಿರುವುದು ಅವನ ಪತ್ರದಲ್ಲಿ. ಅಣೆಕಟ್ಟಿಲ್ಲದ ಅಘನಾಶಿನಿ ಇನ್ನೂ ತನ್ನ ಲೆಕ್ಕದಲ್ಲೇ ಹರಿಯುತ್ತಿದೆ. 2024ರಲ್ಲಿ ಅದರ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಪಟ್ಟಿ ಸೇರಿದ್ದು ಸಂತೋಷ. ಹಾಗೆಂದು ಅದು ಎಂದೆಂದಿಗೂ ಹೀಗೆಯೇ ಇರುತ್ತದೆಂದು ನೆಮ್ಮದಿಯಿಂದ ಕೂರಲಾಗದು.

ಆದ್ದರಿಂದ ಈ ಕಡೆ ಬರುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ. ಡ್ರೋನ್ ಹಾರಿಸುವ ಮೊದಲು ದಂಡೆಯಲ್ಲಿ ಒಂದು ಇಳಿತ ಪೂರ್ತಿ ಕುಳಿತುಕೊಳ್ಳಿ. ಚಿತ್ರದ ಜೊತೆ ಊರು, ತಿಂಗಳು, ನೀರಿನ ಮಟ್ಟ, ಅಲ್ಲಿ ಕೇಳಿದ ಒಂದು ಮಾತು ಬರೆದಿಡಿ. ಚೆಂದದ ಚಿತ್ರಗಳು ಸಾಕಷ್ಟಿವೆ. ಮುಂದೊಂದು ದಿನ ಈ ಹೊಳೆ ಹೇಗಿತ್ತೆಂದು ಯಾರಾದರೂ ಕೇಳಿದರೆ, ಉತ್ತರ ಹೇಳಬಲ್ಲ ಚಿತ್ರಗಳು ಕಡಿಮೆ.